ಸೋತವರಿಗೆ ವರ್ಗ

ವಿನೋದಾ: ಬೇಕಂತ್ಲೇ ಕೊಟ್ರಿ! ನಾನು ಕಣ್ಣಾರೆ ನೋಡ್ದೆ. ಆ ಹುಳ ಬೆಳಕು ಬಿಟ್ಟಾಗ ಪಕ್ಕಕ್ಕೆ ಸರೀಬೋದಿತ್ತು, ಸರೀಲಿಲ್ಲ. ವಿಮಾನಾನ ತಗೊಂಡೋಗಿ ಅದರ ಬಾಯಿಗೇ ಇಟ್ರಿ.

ಯಜ್ಞನಾರಾಯಣ: ಇಟ್ಟಿದ್ದಲ್ಲ ಕಣೇ, ಅದೇ ಎಳ್ಕೊಂಡಿದ್ದು.

ವಿನೋದಾ: ಎಳ್ಕೊಳ್ಳೋಕೆ ಮುಂಚೇನೇ ಹೋಗಿ ನಿಂತಿದ್ರಿ, ಬಸ್ಸಿಗೆ ಕಾಯೋರ ಹಾಗೆ.

ಯಜ್ಞನಾರಾಯಣ: ನಾನು ಮೈಸೂರು ಎಕ್ಸಿಬಿಷನ್ನಿನಲ್ಲಿ ಈ ಆಟದ ಮೊದಲನೇ ಭಾಗ ಆಡಿದೋನು. ನನಗೆ ಹೇಳ್ಕೊಡಬೇಡ.

ಜುಬೈದಾ: ಸರ್, ಅದು ಗ್ಯಾಲಕ್ಸಿಯನ್. ಇದು ಅದರ ನಂತರ ಬಂದದ್ದು, ಗ್ಯಾಲಗಾ. ಅದಕ್ಕೂ ಇದಕ್ಕೂ ತುಂಬ ವ್ಯತ್ಯಾಸ ಉಂಟು.

ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಸ್ಟಾಫ್ ಕ್ಲಬ್. ಎರಡನೇ ಶನಿವಾರದ ಮಧ್ಯಾಹ್ನ. ಕೇರಂ ಬೋರ್ಡಿಗೂ ಒಣಗಲು ಹಾಕಿದ ಕೊಡೆಗಳಿಗೂ ನಡುವೆ ಬೀರುವಿನಷ್ಟು ಎತ್ತರದ ಒಂದು ಹಳೆಯ ವಿಡಿಯೋ ಗೇಮ್ ಯಂತ್ರ. ವಾರಸುದಾರರಿಲ್ಲದ ಸರಕಿನ ಹರಾಜಿನಲ್ಲಿ ಕ್ಲಬ್ಬಿನವರು ಫ್ರಿಜ್ಜೆಂದು ತಿಳಿದು ಖರೀದಿಸಿದ್ದರು. ಪ್ಯಾಕಿಂಗ್ ಬಿಚ್ಚಿದಾಗ ಇದು ಬಂತು. ಅದರ ಕೀಲಿಕೈ ಇರುವುದು ಕ್ಲಬ್ಬಿನ ಕಾರ್ಯದರ್ಶಿ ಜುಬೈದಾಳ ಬಳಿ. ವಿಟ್ಲದ ಕಡೆಯವಳು, ಯಜ್ಞನಾರಾಯಣರ ಕಚೇರಿಯಲ್ಲೇ ಗುಮಾಸ್ತೆ, ಊಟದ ವಿರಾಮದಲ್ಲಿ ಈ ಆಟವನ್ನು ಅರೆದು ಕುಡಿದವಳು.

ಯಜ್ಞನಾರಾಯಣ ಈ ಐಲ್ಯಾಂಡಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದಾರೆ. ಹೆಂಡತಿ ವಿನೋದಾ ತಿರುವನಂತಪುರದ ಉಳ್ಳೂರಿನಲ್ಲಿ ಬ್ಯಾಂಕ್ ಅಧಿಕಾರಿ. ಮೂರು ವರ್ಷದಿಂದ ಸಂಸಾರ ರೈಲಿನಲ್ಲಿದೆ. ಗಂಡಹೆಂಡಿರನ್ನು ಒಂದೇ ಊರಿಗೆ ಹಾಕುವ ವರ್ಗಾವಣೆಗೆ ಅರ್ಜಿ ಹಾಕಲು ಈ ಸೋಮವಾರ ಕೊನೆಯ ದಿನ. ಹಾಕಬೇಕಾದವರು ಇಬ್ಬರಲ್ಲಿ ಒಬ್ಬರು ಮಾತ್ರ. ಆದರೆ ಈ ಮೂರು ವರ್ಷವೂ ದಿನಾ ಫೋನಿನಲ್ಲಿ ಗಂಡ ಕೊಚ್ಚಿಯೇ ಸ್ವರ್ಗ ಎಂದಿದ್ದರು, ಹೆಂಡತಿ ಉಳ್ಳೂರೇ ವೈಕುಂಠ ಎಂದಿದ್ದಳು. ಸ್ವರ್ಗ ಬಿಟ್ಟು ಬರುತ್ತೇನೆಂದು ಯಾರು ಮೊದಲು ಬಾಯಿ ಬಿಡುವುದು? ಹಾಗಾಗಿ ಪಂದ್ಯ. ಒಬ್ಬೊಬ್ಬರಿಗೂ ಒಂದೊಂದು ಆಟ. ಗೆದ್ದವರು ತಮ್ಮ ಊರಿನಲ್ಲೇ ಉಳಿಯಬಹುದು. ಸೋತವರಿಗೆ ವರ್ಗ.

ಯಜ್ಞನಾರಾಯಣರ ಅರ್ಜಿ ಲಕೋಟೆಯಲ್ಲಿ ಸಿದ್ಧವಾಗಿತ್ತು. ವಿನೋದಾಳದು ಬ್ಯಾಂಕಿನ ಪೋರ್ಟಲ್ಲಿನಲ್ಲಿ ಕೊನೆಯ ಗುಂಡಿ ಒತ್ತುವುದೊಂದನ್ನು ಬಿಟ್ಟು ತುಂಬಿಯಾಗಿತ್ತು. ಲಕೋಟೆ, ವಿನೋದಾಳ ಫೋನು, ಎರಡೂ ಜುಬೈದಾಳ ಮಡಿಲಿನಲ್ಲಿದ್ದವು.

ಯಜ್ಞನಾರಾಯಣ: ಹಾಂ, ಒಂದು ವಿಮಾನ ಹೋಯ್ತು. ಇನ್ನೆರಡೇ ಉಳಿದಿರೋದು. ಏನ್ಮಾಡೋದು, ವಯಸ್ಸಾಯ್ತು. ಕೈ ಓಡಲ್ಲ.

ಜುಬೈದಾ: ಹೋಗ್ಲಿಲ್ಲ ಸರ್! ಮೇಲೆ ನೋಡಿ. ಆ ಬಾಸ್ ಹುಳದ ತಲೆ ಮೇಲೆ ಕೆಂಪಾಗಿ ಕೂತಿದೆಯಲ್ಲ, ಅದೇ ನಿಮ್ಮ ವಿಮಾನ. ಸೆರೆ ಸಿಕ್ಕಿದ್ದು ಅಷ್ಟೇ. ಈಗ ಅದು ಕೆಳಗೆ ಬರುವಾಗ ಆ ಹುಳವನ್ನು ಹೊಡೆದ್ರೆ ವಿಮಾನ ವಾಪಸ್ ಬಂದು ನಿಮ್ಮ ಪಕ್ಕಕ್ಕೆ ಅಂಟ್ಕೊಳ್ತದೆ. ಆಮೇಲೆ ಜೋಡಿ ವಿಮಾನ. ಎರಡು ಪಟ್ಟು ಗುಂಡು!

ಯಜ್ಞನಾರಾಯಣ: ವಾಪಸ್ ಬರುತ್ತಾ?

ಜುಬೈದಾ: ಬರ್ತದೆ. ಅದೇ ಈ ಎರಡನೇ ಭಾಗದ ಮಜಾ. ಮೊದಲನೇದರಲ್ಲಿ ಎಂತದೂ ಇರ್ಲಿಲ್ಲ, ಹೊಡಿ ಇಲ್ಲ ಸಾಯಿ. ಇದರಲ್ಲಿ ಗಟ್ಟಿಗರು ಬೇಕಂತಲೇ ಒಂದನ್ನು ಸೆರೆಗೆ ಕೊಟ್ಟು ಆಮೇಲೆ ಬಿಡಿಸ್ಕೊಳ್ತಾರೆ. ನೀವು ಪಳಗಿದ ಕೈ ಸರ್! ಹೇಳ್ಲೇ ಇಲ್ವಲ್ಲ!

ಯಜ್ಞನಾರಾಯಣರ ಮುಖದಲ್ಲಿ, ಕಳೆದುಹೋಯಿತೆಂದು ನೆಮ್ಮದಿಯಿಂದ ಮರೆತಿದ್ದ ಕಡತವೊಂದು ಮೇಜಿನ ಮೇಲೆ ಮತ್ತೆ ಬಂದು ಕೂತದ್ದನ್ನು ಕಂಡವರ ಕಳೆ.

ವಿನೋದಾ: ಓಹೋ, ತಂತ್ರಾನಾ? ಸರಿ ಸರಿ. ಹೊಡೀರಿ ಮತ್ತೆ! ಜೋರಾಗಿ ಹೊಡೀರಿ!

ಯಜ್ಞನಾರಾಯಣ: ನಿನಗ್ಯಾಕೆ ಇಷ್ಟು ಹುಮ್ಮಸ್ಸು? ನಾನು ಗೆದ್ರೆ ನೀನು ಊರು ಬಿಡಬೇಕಾಗುತ್ತೆ, ನೆನಪಿದೆ ತಾನೆ?

ವಿನೋದಾ: ಆಟ ಅಂದ್ಮೇಲೆ ಗಂಡನಿಗೆ ಧೈರ್ಯ ಹೇಳಬೇಕಲ್ರೀ. ಅಯ್ಯೋ, ಬಂತು ನೋಡಿ, ಹೊಡೀರಿ!

ಯಜ್ಞನಾರಾಯಣರಿಗೆ ಹೊಡೆಯುವ ಮನಸ್ಸೇ ಇರಲಿಲ್ಲ. ಆದರೆ ಅವರ ಬಲಗೈಯನ್ನು ಯಾರೂ ಕೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ಹದಿನಾಲ್ಕು ವರ್ಷ ಅವರು ಟಪಾಲು ವಿಭಾಗದಲ್ಲಿ ಮೊಹರು ಹಾಕಿದವರು. ಕೈಯ ಕೆಳಗೆ ದುಂಡಗಿನದೇನಾದರೂ ಸಿಕ್ಕರೆ, ಎದುರಿಗೆ ಸಾಲಾಗಿ ಏನಾದರೂ ಬಂದರೆ, ಆ ಕೈ ತಾನಾಗಿ ಎದ್ದು ಬೀಳುತ್ತಿತ್ತು. ಇಲ್ಲಿ ಕೈಯ ಕೆಳಗೆ ದುಂಡು ಗುಂಡಿ. ಎದುರಿಗೆ ಸಾಲು ಸಾಲು ಹುಳ. ಟಪ್, ಟಪ್, ಟಪ್, ಟಪ್.

ಜುಬೈದಾ: ಸಿಕ್ತು! ಬಾಸ್ ಸತ್ತ! ನೋಡಿ ಸರ್, ವಿಮಾನ ಇಳೀತಾ ಉಂಟು!

ಯಜ್ಞನಾರಾಯಣ: ಬೇಡ, ಬೇಡ, ಅಲ್ಲೇ ಇರಲಿ...

ವಿನೋದಾ: ಬೇಡ ಅಂತೀರಲ್ಲ!

ಯಜ್ಞನಾರಾಯಣ: ಆತುರ ಬೇಡ ಅಂದೆ. ನಿಧಾನವಾಗಿ ಇಳೀಲಿ ಅಂದೆ.

ಜುಬೈದಾ: ಅಂಟ್ಕೊಂಡ್ತು! ಇನ್ನು ನಿಮ್ಮನ್ನು ಹಿಡೀಲಿಕ್ಕೆ ಆಗುದಿಲ್ಲ ಸರ್.

ಯಜ್ಞನಾರಾಯಣ: ಜೋಡಿ ಆದ್ಮೇಲೆ ಅಗಲಾನೂ ಜಾಸ್ತಿ ಆಯ್ತಲ್ಲ ಜುಬೈದಾ? ಪೆಟ್ಟು ಬೀಳೋದೂ ಸುಲಭ ಅಲ್ವಾ?

ವಿನೋದಾ: ಮದುವೆ ಆದಾಗಿಂದ ಇದೊಂದೇ ಮಾತು ಇವರದು.

ಟಪ್, ಟಪ್, ಟಪ್. ಹುಳಗಳು ಸಿಡಿದು ಬೀಳುತ್ತಿದ್ದವು. ಯಜ್ಞನಾರಾಯಣರು ಎಡಗೈಯಿಂದ ವಿಮಾನವನ್ನು ಮೂಲೆಗೆ ಒಯ್ದು ಅಡಗಿಸಿಟ್ಟರೆ ಹುಳಗಳೂ ಆ ಮೂಲೆಗೇ ಬಂದು ಬಲಗೈಗೆ ಸಿಕ್ಕುತ್ತಿದ್ದವು. ಮೂರನೆಯ ಸುತ್ತು ಶುರುವಾಯಿತು. ಅವರು ಗಟ್ಟಿ ಮನಸ್ಸು ಮಾಡಿ, ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ವಿಮಾನವನ್ನು ನಟ್ಟ ನಡುವೆ ನಿಲ್ಲಿಸಿ ಕಣ್ಣು ಮುಚ್ಚಿದರು.

ಯಜ್ಞನಾರಾಯಣ: ಏನಾಯ್ತು? ಸತ್ತೆನಾ?

ಜುಬೈದಾ: ಇಲ್ಲ ಸರ್.

ಯಜ್ಞನಾರಾಯಣ: ಯಾಕೆ? ಈ ಹುಳಗಳಿಗೆ ಏನಾಗಿದೆ? ಸುಮ್ನೆ ಮೆರವಣಿಗೆ ಹೋಗ್ತಿವೆ, ಒಂದೂ ಗುಂಡು ಹಾಕ್ತಿಲ್ಲ!

ಜುಬೈದಾ: ಇದು ಬೋನಸ್ ಸುತ್ತು. ಇದರಲ್ಲಿ ಅವು ಹೊಡೆಯುದಿಲ್ಲ, ನೀವು ಸಾಯುದೂ ಇಲ್ಲ. ಸುಮ್ಮನೆ ಹೊಡೀತಾ ಇರುದು, ಪಾಯಿಂಟ್ ತಗೊಳ್ಳುದು.

ಯಜ್ಞನಾರಾಯಣ: ಸಾಯೋಕೂ ಆಗಲ್ವಾ? ಇದೆಂಥ ಆಟ ಕಣಮ್ಮ!

ವಿನೋದಾ: ಕೈ ಜೇಬಿನಿಂದ ತೆಗೀರಿ! ಜೇಬಿಗೆ ಕೈ ಹಾಕ್ಕೊಂಡು ಯುದ್ಧ ಮಾಡ್ತಾರೇನ್ರೀ ಯಾರಾದ್ರೂ?

ವಿನೋದಾ ತಾನೇ ಆ ಕೈಯನ್ನು ಜೇಬಿನಿಂದ ಎಳೆದು ಗುಂಡಿಯ ಮೇಲಿಟ್ಟಳು. ಕೈ ಕೂಡಲೇ ಕೆಲಸಕ್ಕೆ ತೊಡಗಿತು. ಇಪ್ಪತ್ತು ಸಾವಿರ ದಾಟುತ್ತಲೇ ಯಂತ್ರ ಸಂತೋಷದಿಂದ ಕೂಗಿತು.

ಯಜ್ಞನಾರಾಯಣ: ಇದೇನು ಸದ್ದು?

ಜುಬೈದಾ: ಇಪ್ಪತ್ತು ಸಾವಿರ ಆದದ್ದಕ್ಕೆ ಇನ್ನೊಂದು ವಿಮಾನ ಇನಾಮು, ಸರ್.

ಯಜ್ಞನಾರಾಯಣ: ಯಾರು ಕೇಳಿದ್ರು? ವಾಪಸ್ ಕೊಡೋಕೆ ಬರಲ್ವಾ?

ಕೊನೆಗೂ ಮೂವತ್ತೆರಡು ಸಾವಿರದ ನಾನೂರರ ಹೊತ್ತಿಗೆ ಎಲ್ಲ ವಿಮಾನಗಳೂ ಮುಗಿದವು. ಯಜ್ಞನಾರಾಯಣರು ಹಣೆ ಒರೆಸಿಕೊಂಡು ಕುರ್ಚಿಯಲ್ಲಿ ಕುಸಿದರು. ವಿನೋದಾ ಚಪ್ಪಾಳೆ ತಟ್ಟಿದಳು. ಮೈಮೇಲೆ ಸೋಲು ಬರುತ್ತಿರುವವಳ ಚಪ್ಪಾಳೆಯಂತೆ ಅದು ಕೇಳಿಸಲಿಲ್ಲ.

ವಿನೋದಾ: ಭೇಷ್! ಮೂವತ್ತೆರಡು ಸಾವಿರ! ನನ್ನ ಕೈಲಂತೂ ಆಗೋ ಮಾತಲ್ಲ. ಆದ್ರೂ ಪ್ರಯತ್ನ ಪಡ್ತೀನಿ. ಉಳ್ಳೂರು ಅಂದ್ರೆ ನನಗೆ ಪ್ರಾಣ.

ಅವಳು ಸೆರಗು ಸಿಕ್ಕಿಸಿ ಯಂತ್ರದ ಮುಂದೆ ನಿಂತಳು. ಮೊದಲ ವಿಮಾನ ಒಂದು ನಿಮಿಷವೂ ಬದುಕಲಿಲ್ಲ.

ವಿನೋದಾ: ಅಯ್ಯೋ, ಬಲಗಡೆಗೆ ತಿರುಗಿಸಿದ್ರೆ ಎಡಗಡೆ ಹೋಗುತ್ತಲ್ಲ ಇದು.

ಜುಬೈದಾ: ಇಲ್ಲ ವಿನೋದಕ್ಕ, ಎಡಗಡೆ ತಿರುಗಿಸಿದ್ರಿ, ಎಡಗಡೆ ಹೋಯ್ತು.

ವಿನೋದಾ: ಹಾಗಾ? ಕನ್ನಡಕ ಬದಲಾಯಿಸಬೇಕು.

ಎರಡನೆಯ ವಿಮಾನ ಹೊರಟಿತು. ಒಂದು ಹುಳ ಸುಳಿಸುತ್ತಿ ಕೆಳಗಿಳಿಯಿತು. ವಿನೋದಾಳ ವಿಮಾನ ಮದುವೆಮನೆಯ ಬಾಗಿಲಲ್ಲಿ ಬೀಗರನ್ನು ಎದುರುಗೊಳ್ಳುವಂತೆ ಅದರ ಕಡೆಗೆ ಧಾವಿಸಿತು.

ಯಜ್ಞನಾರಾಯಣ: ನಿಲ್ಲಿಸು! ಜುಬೈದಾ, ನೋಡಿದ್ಯೇನಮ್ಮ? ಹುಳ ಅಲ್ಲಿತ್ತು, ಇವಳು ಇಲ್ಲಿದ್ಲು. ಇವಳೇ ಹೋಗಿ ಗುದ್ದಿದ್ಲು! ಇದು ಆತ್ಮಹತ್ಯೆ!

ವಿನೋದಾ: ಅಡ್ಡ ಬಂತು ರೀ.

ಯಜ್ಞನಾರಾಯಣ: ನೀನು ಅಡ್ಡ ಹೋದೆ! ಬೇಕಂತ ಸೋಲ್ತಿದೀಯ!

ವಿನೋದಾ: ಅಹಹಾ! ನೀವೇನು ಬದುಕೋಕೆ ಆಡಿದ್ರಾ? 'ಸತ್ತೆನಾ' ಅಂತ ಕೇಳಿದೋರು ಯಾರು? ಇನಾಮು ವಾಪಸ್ ಕೊಡ್ತೀನಿ ಅಂದೋರು ಯಾರು?

ಜುಬೈದಾ: ಒಂದು ನಿಮಿಷ, ಒಂದು ನಿಮಿಷ. ಗೆದ್ರೆ ಊರಲ್ಲಿ ಉಳೀಬಹುದು. ಇಬ್ಬರೂ ಸೋಲ್ಲಿಕ್ಕೆ ನೋಡ್ತಾ ಇದ್ದೀರಿ. ಅಂದ್ರೆ ಇಬ್ಬರಿಗೂ ಅವರವರ ಊರು ಬೇಡ. ಮತ್ತೆ ಸ್ವರ್ಗ, ವೈಕುಂಠ ಅಂತ ಮೂರು ವರ್ಷ ಕತೆ ಹೇಳಿದ್ದೆಂತಕ್ಕೆ?

ಯಂತ್ರದೊಳಗೆ ವಿನೋದಾಳ ಮೂರನೆಯ, ಕೊನೆಯ ವಿಮಾನ ಬಂದು ನಿಂತಿತು. ಯಾರೂ ಅದರ ಕಡೆ ನೋಡಲಿಲ್ಲ.

ಯಜ್ಞನಾರಾಯಣ: ಊರೇನೋ ಚೆನ್ನಾಗಿದೆ. ನಮ್ಮ ಸಾಹೇಬರಿದಾರಲ್ಲ...

ಜುಬೈದಾ: ಹಾಂ. ಅದು ಸರಿ.

ವಿನೋದಾ: ಯಾಕೆ, ಬೈತಾರಾ?

ಯಜ್ಞನಾರಾಯಣ: ಬೈದಿದ್ರೆ ಸಹಿಸ್ಕೋತಿದ್ದೆ ಕಣೇ. ಪ್ರೀತಿ ಮಾಡ್ತಾರೆ. ದಿನಾ ಸಂಜೆ ವಾಕಿಂಗಿಗೆ ಕರ್ಕೊಂಡೋಗಿ ತಮ್ಮ ಹೊಟ್ಟೆ ವಿಷಯ ಹೇಳ್ತಾರೆ. ಬೆಳಿಗ್ಗೆ ಪುಟ್ಟು ತಿಂದಿದ್ದು, ಹನ್ನೊಂದಕ್ಕೆ ಅದು ಎಲ್ಲಿತ್ತು, ಮೂರಕ್ಕೆ ಎಲ್ಲಿಗೆ ತಲುಪಿತು. ರಜಾ ದಿನ ಫೋನಿನಲ್ಲಿ. ಅವರ ಡಾಕ್ಟರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು. ನನಗೆ ಈಗ ಊಟದ ತಟ್ಟೆ ನೋಡಿದ್ರೆ ಮುಂದೇನಾಗುತ್ತೆ ಅನ್ನೋದೇ ಕಣ್ಮುಂದೆ ಬರುತ್ತೆ.

ವಿನೋದಾ: ಇಷ್ಟೇನಾ?

ಯಜ್ಞನಾರಾಯಣ: ಇಷ್ಟೇನಾ ಅಂತೀಯಲ್ಲ! ನಿನಗೇನು ಅಲ್ಲಿ ಕಷ್ಟ? ಎಸಿ, ತಿರುಗೋ ಕುರ್ಚಿ.

ವಿನೋದಾ: ನಮ್ಮ ಬ್ರಾಂಚು ಮೆಡಿಕಲ್ ಕಾಲೇಜಿನ ಹತ್ರ ಇರೋದು ಗೊತ್ತಲ್ಲ. ಬರೋರೆಲ್ಲ ಆಸ್ಪತ್ರೆಯಿಂದ ಬರೋರೇ. ಅವರಿಗೆ ನಾನು ಜೀವವಿಮೆ ಮಾರಬೇಕು. ದಿನಕ್ಕೆ ಇಷ್ಟು ಅಂತ ಟಾರ್ಗೆಟ್ಟು. ಒಳಗೆ ಆಪರೇಷನ್ ನಡೀತಿರುತ್ತೆ, ಹಣ ತೆಗೆಯೋಕೆ ಓಡಿ ಬಂದಿರ್ತಾರೆ, ನಾನು ನಗ್ತಾ ಕೇಳ್ಬೇಕು, 'ಒಂದು ಪಾಲಿಸಿ ಮಾಡಿಸ್ತೀರಾ?' ಅಂತ.

ಯಜ್ಞನಾರಾಯಣ: ಕೇಳ್ತೀಯಾ?

ವಿನೋದಾ: ಹೋದ ಮಂಗಳವಾರ ಒಬ್ಬ ಅಜ್ಜಿ ಬಂದಿದ್ಲು. ಗಂಡ ಐಸಿಯುನಲ್ಲಿ. ನಾನು ಕೇಳ್ದೆ, ಕೇಳಲೇಬೇಕಲ್ಲ. ಬೈತಾಳೆ ಅಂದ್ಕೊಂಡೆ. ಅವಳು ನನ್ನ ಕೈ ಹಿಡ್ಕೊಂಡು, 'ಮೋಳೇ, ಮಗಳೇ, ಅವರು ಉಳಿದ್ರೆ ನಾಳೇನೇ ಬಂದು ಮಾಡಿಸ್ತೀನಿ, ನಿನಗೆ ಬೈತಾರೇನೋ ಪಾಪ' ಅಂದ್ಲು.

ಯಜ್ಞನಾರಾಯಣ: ಬಂದ್ಲಾ?

ವಿನೋದಾ: ಇನ್ನೂ ಬಂದಿಲ್ಲ. ದಿನಾ ಬಾಗಿಲು ನೋಡ್ತೀನಿ. ಪಾಲಿಸಿಗಲ್ಲ.

ಹೊರಗೆ ಫೆರಿಯೊಂದು ಸಿಳ್ಳೆ ಹಾಕಿ ದಡ ಬಿಟ್ಟಿತು. ಯಂತ್ರದಲ್ಲಿ ಬಾಸ್ ಹುಳವೊಂದು ಸಾಲು ಬಿಟ್ಟು, ಅದೃಷ್ಟಕ್ಕೆ ಇನ್ನೂ ಉಳಿದಿದ್ದ ವಿಮಾನದ ಕಡೆ ಇಳಿದು ಬರುತ್ತಿತ್ತು. ಜುಬೈದಾ ಕಣ್ಣೊರೆಸಿಕೊಳ್ಳುತ್ತಲೇ ತೆರೆಯತ್ತ ಬೆರಳು ಮಾಡಿದಳು.

ಜುಬೈದಾ: ವಿನೋದಕ್ಕ, ಬಂತು. ಇದು ಕೊನೇ ವಿಮಾನ. ಇದನ್ನು ಹಿಡಿದ್ರೆ ಬಿಡಿಸ್ಲಿಕ್ಕೆ ಬೇರೆ ವಿಮಾನ ಇಲ್ಲ. ಆಟ ಮುಗೀತದೆ. ತಪ್ಪಿಸ್ಕೊಳ್ಬೇಕಾದ್ರೆ ಈಗಲೇ.

ವಿನೋದಾ ಗಂಡನ ಮುಖ ನೋಡಿದಳು. ಯಜ್ಞನಾರಾಯಣರು ಎದ್ದು ಬಂದು ಅವಳ ಪಕ್ಕದಲ್ಲಿ ನಿಂತರು. ತಮ್ಮ ಬಲಗೈ ಗುಂಡಿಯ ಕಡೆ ಹೋಗದಂತೆ ಎಡಗೈಯಿಂದ ಭದ್ರವಾಗಿ ಹಿಡಿದುಕೊಂಡಿದ್ದರು.

ಯಜ್ಞನಾರಾಯಣ: ಸಾಯಿ ವಿನೋದಾ. ಏನೂ ಯೋಚನೆ ಮಾಡಬೇಡ. ನೆಮ್ಮದಿಯಾಗಿ ಸಾಯಿ.

ವಿನೋದಾ: ಮೂವತ್ತು ವರ್ಷದಲ್ಲಿ ನೀವು ಇಷ್ಟು ಪ್ರೀತಿಯಿಂದ ಮಾತಾಡಿದ್ದು ಇದೇ ಮೊದಲು.

ಬೆಳಕು ಬೀಸಣಿಗೆಯಂತೆ ಬಿಚ್ಚಿಕೊಂಡಿತು. ವಿಮಾನ ಗಿರಗಿರ ತಿರುಗುತ್ತ ಮೇಲೇರಿತು. ಆಟ ಮುಗಿಯಿತು. ವಿನೋದಾಳ ಅಂಕ ಎರಡು ಸಾವಿರವನ್ನೂ ಮುಟ್ಟಿರಲಿಲ್ಲ.

ಜುಬೈದಾ: ವಿನೋದಕ್ಕ ಸೋತ್ರು. ನೋಡಿ ಸರ್, ಇದು ನಿಮ್ಮ ಅರ್ಜಿ, ಹರಿದೆ. ಇದು ಅಕ್ಕನ ಫೋನು, ಒತ್ತಿದೆ. ಹೋಯ್ತು. 'ಒಮ್ಮೆ ಸಲ್ಲಿಸಿದ ಮೇಲೆ ಹಿಂಪಡೆಯಲು ಬರುವುದಿಲ್ಲ' ಅಂತ ಬಂತು.

ಯಜ್ಞನಾರಾಯಣ: ಬರಲಿ, ಬರಲಿ. ಇವಳು ಬಂದುಬಿಟ್ರೆ ಸಾಕು. ಹೊಟ್ಟೆ ವಿಷಯ ತಾನೆ, ಇನ್ನೊಂದು ವರ್ಷ ಕೇಳ್ತೀನಿ. ಅಷ್ಟರಲ್ಲಿ ಅವರಿಗೆ ರಿಟೈರ್‌ಮೆಂಟು.

ವಿನೋದಾ: ನಾನು ಬಂದ ಮೇಲೂ ಕೇಳ್ತೀರಾ? ನಾನು ಸುಮ್ನಿರ್ತೀನಾ?

ಮಾತು ಮುಗಿಯುವ ಮೊದಲೇ ಯಜ್ಞನಾರಾಯಣರ ಜೇಬು ಮಿಡಿಯಿತು. ತೆರೆಯ ಮೇಲೆ ಸಾಹೇಬರ ಹೆಸರು. ಅವರು ಫೋನನ್ನು ಕಿವಿಗೆ ಒಯ್ಯುವಷ್ಟರಲ್ಲಿ ವಿನೋದಾ ಕಸಿದುಕೊಂಡಳು. ಬ್ಯಾಂಕಿನ ಕೌಂಟರಿನಲ್ಲಿ ಕಲಿತ ಮಲಯಾಳದಲ್ಲಿ ಅವಳು ಆಡಿದ ಮಾತು ಕನ್ನಡದಲ್ಲಿ ಹೀಗೆ:

ವಿನೋದಾ: ಹಲೋ. ನಾನು ಅವರ ಹೆಂಡತಿ. ಸಾರೇ, ಇವತ್ತು ಎರಡನೇ ಶನಿವಾರ. ನಿಮ್ಮ ಹೊಟ್ಟೆಗೂ ರಜೆ, ನಮ್ಮ ಯಜಮಾನ್ರ ಕಿವಿಗೂ ರಜೆ. ಇಡ್ತೀನಿ.

ಇಟ್ಟೇಬಿಟ್ಟಳು. ಫೋನನ್ನು ಗಂಡನ ಕೈಗೆ ತುರುಕಿದಳು.

ವಿನೋದಾ: ನೋಡಿದ್ರಾ? ಮೂರು ವರ್ಷದ ರೋಗ. ಮೂರು ಸೆಕೆಂಡಿನ ಔಷಧಿ.

ಜುಬೈದಾ: ಅಲ್ಲಾಹ್! ಎಂತ ಮಾಡಿದ್ರಿ ವಿನೋದಕ್ಕ! ಹೋದ ವರ್ಷ ನಮ್ಮ ಆಫೀಸಿನ ವಿಶ್ವಾಸ್ ವಾಕಿಂಗಿನಲ್ಲಿ ಒಂದೇ ಒಂದು ಸಲ 'ನಾಳೆ ಮಾತಾಡುವ ಸರ್' ಅಂದದ್ದಕ್ಕೆ ವಾರದೊಳಗೆ ಎತ್ತಿ ಹಾಕಿದ್ರು.

ವಿನೋದಾ: ಹಾಕಲಿ ಬಿಡು. ಎಲ್ಲಿಗೆ ಹಾಕ್ತಾರೆ?

ಜುಬೈದಾ: ಎಲ್ಲಿಗೆ ಅಂದ್ರೆ... ಕೋಪ ಬಂದವರನ್ನೆಲ್ಲ ಅವರು ಹಾಕುದು ಒಂದೇ ಆಫೀಸಿಗೆ. ತಿರುವನಂತಪುರಕ್ಕೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

ಯಜ್ಞನಾರಾಯಣ (ಮೆಲ್ಲಗೆ, ಮುಖದಲ್ಲಿ ಒಂದು ಬೆಳಗು ಮೂಡುತ್ತ): ಹಾಗಾದ್ರೆ... ನಾನು ಕೊಚ್ಚಿ ಬಿಡಬಹುದು?

ವಿನೋದಾ: ಬಿಟ್ಟು? ನಾನು ಇಲ್ಲಿಗೆ ಬರ್ತೀನಿ, ನೀವು ಅಲ್ಲಿಗೆ ಹೋಗ್ತೀರಿ. ಕಾಯಂಕುಳಂ ಸ್ಟೇಷನ್ನಿನಲ್ಲಿ ನಿಮ್ಮ ರೈಲು ನನ್ನ ರೈಲು ಕ್ರಾಸಾದಾಗ ಕಿಟಕಿಯಿಂದ ಟಾಟಾ ಮಾಡೋದಾ?

ಯಜ್ಞನಾರಾಯಣ: ಒಂದೇ ಒಂದು ಉಪಾಯ. ನಿನ್ನ ಅರ್ಜಿ ವಾಪಸ್ ತಗೊಂಡ್ರೆ...

ಜುಬೈದಾ: ಹಿಂಪಡೆಯಲು ಬರುವುದಿಲ್ಲ.

ವಿನೋದಾ: ಕೊಡಿ ಫೋನು.

ಯಜ್ಞನಾರಾಯಣ: ಬೇಡ ವಿನೋದಾ. ಬೈದಿದ್ದು ಬೈದಾಯ್ತು, ಅದು ಹಾಗೇ ಇರಲಿ. ಎಷ್ಟು ಚೆನ್ನಾಗಿ ಬೈದೆ!

ವಿನೋದಾ: ಕೊಡಿ ಅಂದ್ರೆ!

ಗಂಡನ ಕೈಯಿಂದ ಫೋನು ಕಿತ್ತುಕೊಂಡು ಅವಳು ಕಿಟಕಿಯ ಹತ್ತಿರ ಹೋದಳು. ಸೆರಗು ಬಿಚ್ಚಿ ಹೆಗಲ ಮೇಲೆ ಹೊದ್ದುಕೊಂಡಳು. ವಿಮೆ ಮಾರುವ ನಗುವನ್ನು ಮುಖಕ್ಕೆ ತಂದುಕೊಂಡು, ಗಂಟಲು ಸರಿಮಾಡಿಕೊಂಡಳು.

ವಿನೋದಾ: ಸಾರೇ, ನಮಸ್ಕಾರ... ಅಯ್ಯೋ, ಆಗಿನದು ತಮಾಷೆ ಸಾರೇ! ನಿಮ್ಮಂಥ ದೊಡ್ಡವರ ಹತ್ರ ಅಲ್ದೆ ಇನ್ಯಾರ ಹತ್ರ ಆಡ್ಲಿ... ಇಲ್ಲೇ ಇದಾರೆ. ನೀವು ಫೋನ್ ಮಾಡ್ಲಿಲ್ಲ ಅಂತ ಬೆಳಿಗ್ಗೆಯಿಂದ ಕಾಫೀನೂ ಕುಡಿದಿಲ್ಲ... ಹೌದು, ನಿಮ್ಮ ಹೊಟ್ಟೆ ವಿಷಯ ಕೇಳದಿದ್ರೆ ಅವರಿಗೆ ನಿದ್ದೇನೇ ಬರಲ್ಲ... ಭಾನುವಾರಾನೂ ವಾಕಿಂಗಾ? ಖಂಡಿತ ಕಳಿಸ್ತೀನಿ... ಏನಂದ್ರಿ? ರಿಟೈರಾದ ಮೇಲೂ ಇಲ್ಲೇ ಫ್ಲಾಟ್ ತಗೊಂಡಿದೀರಾ? ನಮ್ಮ ಕ್ವಾರ್ಟರ್ಸ್ ಎದುರಿಗೇನಾ?

ಯಜ್ಞನಾರಾಯಣರು ಗೋಡೆ ಹಿಡಿದು ಕೂತರು. ಜುಬೈದಾ ಅವರಿಗೆ ನೀರಿನ ಲೋಟ ಕೊಟ್ಟಳು. ಗಂಡ ಕೊಚ್ಚಿಯಲ್ಲೇ ಉಳಿಯುವುದು ಖಾತ್ರಿಯಾದ ಸಂತೋಷದಲ್ಲಿ ವಿನೋದಾಳಿಗೆ ಮಲಯಾಳ ಮರೆತು, ಕೊನೆಯ ಮಾತು ಕನ್ನಡದಲ್ಲೇ ಹೊರಟಿತು:

ವಿನೋದಾ: ನೂರು ವರ್ಷ ಬಾಳಿ ಸಾರೇ, ನಿಮ್ಮ ಹೊಟ್ಟೆ ತಣ್ಣಗಿರಲಿ!